ಎರೆಮಣ್ಣಿನ ನಾಡಿನಲ್ಲಿ ನಂಬಿಕೆಯ ಪಾಯ

ನನ್ನ ವಯಸ್ಸಿನವರು ದಿನಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುವ ಪ್ರಶ್ನೆ ಒಂದಿದೆ: ‘ಮುಂದ ಏನ್ ಮಾಡ್ತಿ?’ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹಿರಿಯರು ಕೇಳುತ್ತಾರೆ, ಮದುವೆ ಮನೆಯಲ್ಲಿ ಮಾವ ಕೇಳುತ್ತಾನೆ, ಭಾನುವಾರ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅಕ್ಕಂದಿರು ಕೇಳುತ್ತಾರೆ. ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಉತ್ತರ ನನಗೂ ಗೊತ್ತಿಲ್ಲ.

ಗೊತ್ತಿಲ್ಲದೆ ಬದುಕುವುದು ನಮ್ಮ ಪೀಳಿಗೆಗೆ ಹೊಸದೇನಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, 2020ರ ಮಾರ್ಚ್ 10ರಂದು, ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೊರೊನಾ ಸಾವು ಎಂದು ಎರಡು ದಿನಗಳ ನಂತರ ಖಚಿತವಾಯಿತು. ಆ ವರ್ಷ ಏಪ್ರಿಲ್ 12ರ ಈಸ್ಟರ್ ಹಬ್ಬವನ್ನು ಮನೆಯೊಳಗೆ ಕೂತು ಆಚರಿಸಿದೆವು. ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಊರಿಗೆ ಊರೇ ನೀರಲ್ಲಿ ನಿಂತವು. ಮರುವರ್ಷ ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22, ಹೀಗೆ ಎರಡೇ ದಿನಗಳಲ್ಲಿ ಮುಗಿದುಹೋಯಿತು. ನಾನು ಪಿಯುಸಿ ಮುಗಿಸಿದ 2023ರಲ್ಲಿ ಮಳೆ ಕೈಕೊಟ್ಟಿತು; ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದೇ ಮಳೆ ಬೇಡವೆಂದರೂ ಬಿಡಲಿಲ್ಲ. ನಮ್ಮ ಮೂರು ಎಕರೆ ತೊಗರಿಯಲ್ಲಿ ನೀರು ನಿಂತು ಬೇರು ಕೊಳೆಯಿತು.

ಓದಿದರೆ ಎಲ್ಲ ಸರಿಹೋಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಈಗ ಆ ಮಾತನ್ನು ಅವರೂ ಮೆತ್ತಗೆ ಹೇಳುತ್ತಾರೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದ ದಿನ ಹಾಸ್ಟೆಲ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಗೆಳೆಯರ ಮುಖ ನೋಡಬೇಕಿತ್ತು. ನಾಲ್ಕು ವರ್ಷ ಸಾಲ ಮಾಡಿ ಕಲಿತದ್ದನ್ನು ಎಐ ನಾಲ್ಕು ನಿಮಿಷದಲ್ಲಿ ಮಾಡಿಬಿಟ್ಟರೆ ಏನು ಗತಿ ಎಂದು ಒಬ್ಬ ಕೇಳಿದ. ಯಾರೂ ನಗಲಿಲ್ಲ.

ಇಂಥ ಕಾಲದಲ್ಲಿ ನಂಬಿಕೆ ಏನು ಮಾಡಬೇಕು? ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವನು. ಹಾಗಾಗಿ ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ಬೇರೆ ಧರ್ಮದ ಗೆಳೆಯರಿಗೆ ಇದರಲ್ಲಿ ತಮ್ಮ ಮನೆಯ ಮಾತೂ ಕಂಡರೆ ಸಂತೋಷ.

ಎರಡು ಸುಲಭ ದಾರಿಗಳು

ಕಾಳಗಿ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ನಮ್ಮ ಸಂಖ್ಯೆ ದೊಡ್ಡದಲ್ಲ. ನಿಜಾಮರ ಕಾಲದಿಂದ ಬಂದ ಮೆಥೋಡಿಸ್ಟ್ ಸಭೆಗಳಿವೆ. ಕ್ಯಾಥೋಲಿಕರಿದ್ದಾರೆ, ಅವರ ಕಲಬುರಗಿ ಧರ್ಮಪ್ರಾಂತ್ಯ ರಚನೆಯಾದದ್ದು 2005ರಲ್ಲಿ. ತಗಡಿನ ಕೆಳಗೆ ಸೇರುವ ಚಿಕ್ಕ ಚಿಕ್ಕ ಸಭೆಗಳೂ ಇವೆ. ಈ ಎಲ್ಲ ಕಡೆಯ ನನ್ನ ವಯಸ್ಸಿನವರಲ್ಲಿ ನಾನು ಎರಡು ಬಗೆಯವರನ್ನು ಹೆಚ್ಚಾಗಿ ನೋಡುತ್ತೇನೆ.

ಮೊದಲನೆಯವರು ಸದ್ದಿಲ್ಲದೆ ಬಿಟ್ಟವರು. ಪ್ರಾರ್ಥಿಸಿದರು, ಆಗಲಿಲ್ಲ, ಹಾಗಾಗಿ ಬಿಟ್ಟರು. ಅವರ ಜೊತೆ ನನಗೆ ಜಗಳವಿಲ್ಲ. ಅವರು ಕೇಳಿದ ಪ್ರಶ್ನೆ ಪ್ರಾಮಾಣಿಕವಾದದ್ದು, ಅದಕ್ಕೆ ನಮ್ಮ ಸಭೆಗಳಲ್ಲಿ ಉತ್ತರ ಹೇಳುವವರು ಸಿಗಲಿಲ್ಲ.

ಎರಡನೆಯವರು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡವರು. ಆದರೆ ಅವರು ಹಿಡಿದುಕೊಂಡದ್ದು ಖಾತ್ರಿಯನ್ನು. ಮೊಬೈಲ್ ತೆರೆದರೆ ಸಾಕು, ಎಲ್ಲಿಂದಲೋ ಒಬ್ಬರು ಮೈಕ್ ಹಿಡಿದು ‘ಈ ವಿಡಿಯೊ ನೋಡುತ್ತಿರುವ ನಿನಗೆ 30 ದಿನಗಳಲ್ಲಿ ಕೆಲಸ ಸಿಗುತ್ತದೆ, ಆಮೆನ್ ಎಂದು ಟೈಪ್ ಮಾಡು’ ಎನ್ನುತ್ತಾರೆ. ಕೆಳಗೆ ಸಾವಿರಾರು ಆಮೆನ್. ನನ್ನ ಪರಿಚಯದ ಒಬ್ಬ ಹುಡುಗ ಅಂಥ ಮಾತು ನಂಬಿ, ವಿಶೇಷ ಕಾಣಿಕೆಯೆಂದು ಪರೀಕ್ಷಾ ಶುಲ್ಕದ ಹಣ ಕಳಿಸಿದ. ಮೂವತ್ತು ದಿನ ಕಳೆದ ಮೇಲೆ ಅವನಿಗೆ ಸಿಕ್ಕ ಉತ್ತರ, ‘ನಿನ್ನ ವಿಶ್ವಾಸ ಕಡಿಮೆಯಾಯಿತು’ ಎಂಬುದು. ಹಣವೂ ಹೋಯಿತು, ತಪ್ಪೂ ಅವನ ತಲೆಗೇ ಬಂತು.

ಮೇಲೆ ನೋಡಿದರೆ ಇವು ತದ್ವಿರುದ್ಧ ದಾರಿಗಳು. ನನಗೆ ಎರಡೂ ಒಂದೇ ಜಾಗದಿಂದ ಹೊರಟಂತೆ ಕಾಣುತ್ತವೆ. ದೇವರ ಕೆಲಸ ನಮ್ಮ ನಾಳೆಯನ್ನು ಖಚಿತಪಡಿಸುವುದು ಎಂದು ಇಬ್ಬರೂ ಅಂದುಕೊಂಡಿದ್ದಾರೆ. ಖಚಿತವಾಗಲಿಲ್ಲವೆಂದು ಒಬ್ಬರು ಎದ್ದು ಹೋದರು, ಖಚಿತ ಮಾಡಿಸಿಕೊಳ್ಳಲೇಬೇಕೆಂದು ಇನ್ನೊಬ್ಬರು ದುಡ್ಡು ಕಟ್ಟಿದರು. ನನ್ನ ವಾದ ಇಷ್ಟೇ: ನಾಳೆ ಏನಾಗುತ್ತದೆ ಎಂದು ಹೇಳುವುದು ಕ್ರೈಸ್ತ ನಂಬಿಕೆಯ ಕೆಲಸವೇ ಅಲ್ಲ. ಏನೇ ಆದರೂ ಕುಸಿಯದ ಹಾಗೆ ಆಳಕ್ಕೆ ಇಳಿಸುವುದು ಅದರ ಕೆಲಸ.

ಮಣ್ಣು ಕಲಿಸಿದ್ದು

ಇದನ್ನು ನನಗೆ ಅರ್ಥ ಮಾಡಿಸಿದ್ದರಲ್ಲಿ ನನ್ನ ಪಠ್ಯಕ್ಕೂ ಪಾಲಿದೆ. ನಮ್ಮ ಭಾಗದ್ದು ಎರೆಮಣ್ಣು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೊಲಕ್ಕೆ ಹೋದರೆ ಕೈ ಇಳಿಯುವಷ್ಟು ಬಿರುಕುಗಳು ಕಾಣುತ್ತವೆ. ಆಗಸ್ಟ್‌ನಲ್ಲಿ ಅದೇ ಜಾಗದಲ್ಲಿ ಕಾಲಿಟ್ಟರೆ ಚಪ್ಪಲಿ ಮೇಲೆ ಬರುವುದಿಲ್ಲ. ಇಂಥ ನೆಲದ ಮೇಲೆ ಎರಡು ಅಡಿ ಪಾಯ ತೋಡಿ ಮನೆ ಕಟ್ಟಿದರೆ ನಾಲ್ಕೈದು ವರ್ಷದೊಳಗೆ ಗೋಡೆಯಲ್ಲಿ ಓರೆ ಬಿರುಕು ಮೂಡುತ್ತದೆ. ಸಿಮೆಂಟ್ ಮೆತ್ತಿ ಬಣ್ಣ ಹೊಡೆದರೆ ಒಂದು ದೀಪಾವಳಿ ದಾಟಬಹುದು, ಮುಂದಿನ ಮಳೆಗೆ ಬಿರುಕು ಅಲ್ಲೇ ಬರುತ್ತದೆ.

ಹಾಗೆಂದು ಎರೆಮಣ್ಣನ್ನು ಕೆಟ್ಟದ್ದು ಎನ್ನಲಾಗದು. ಮಳೆ ನಿಂತ ಮೇಲೂ ತೇವ ಹಿಡಿದಿಟ್ಟುಕೊಂಡು ಹಿಂಗಾರಿನ ಜೋಳವನ್ನೂ ಕಡಲೆಯನ್ನೂ ಬೆಳೆಸುವುದು ಇದೇ ಮಣ್ಣು. ಕಲಬುರಗಿಗೆ ತೊಗರಿ ಕಣಜ ಎಂಬ ಹೆಸರು ಬಂದದ್ದು ಇದರಿಂದಲೇ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಮನೆಯನ್ನು ಸೀಳುವ ಮಣ್ಣೇ ಅನ್ನವನ್ನೂ ಕೊಡುತ್ತದೆ. ಮಣ್ಣು ಅಲುಗಾಡದಂತೆ ಮಾಡುವ ಉಪಾಯ ರೈತನಿಗೂ ಎಂಜಿನಿಯರ್‌ಗೂ ಬೇಕಿಲ್ಲ.

ಅದಕ್ಕೆ ಎಂಜಿನಿಯರ್ ಮಾಡುವುದೇನು? ಮಳೆ–ಬಿಸಿಲಿನ ಪರಿಣಾಮ ನೆಲದೊಳಗೆ ಒಂದು ಆಳದವರೆಗೆ ಮಾತ್ರ ಇಳಿಯುತ್ತದೆ. ಅದರ ಕೆಳಗೆ ತೇವ ಹೆಚ್ಚು ಬದಲಾಗುವುದಿಲ್ಲ. ಆಳವಾದ ಎರೆಭೂಮಿಯಲ್ಲಿ ಸಾಮಾನ್ಯವಾಗಿ 3.5 ಮೀಟರ್ ಕೆಳಗಿಳಿದು, ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬ ಕೂರಿಸುತ್ತಾರೆ. ಇದಕ್ಕೆ ಅಂಡರ್ ರೀಮ್ಡ್ ಪೈಲ್ ಎಂದು ಹೆಸರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ದೇಶದ ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನ ಇದು. ನಮ್ಮ ಊರಿನ ಹಳೆಯ ಗೌಂಡಿಗಳು ಈ ಹೆಸರು ಕೇಳಿರಲಿಕ್ಕಿಲ್ಲ. ಆದರೆ ‘ಮುರುಮ ಹತ್ತೋತನಕ ತೋಡ್ರಿ’ ಎಂಬ ಅವರ ಮಾತಿನಲ್ಲಿ ಇದೇ ತಿಳಿವಳಿಕೆ ಇದೆ.

ಬಂಡೆಯ ಮೇಲೆ ಮನೆ ಕಟ್ಟಿದವನ ಕಥೆಯನ್ನು ಯೇಸು ಹೇಳಿದ್ದು ಎಲ್ಲರಿಗೂ ಗೊತ್ತು. ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಅದಿದೆ. ಲೂಕನ 6ನೇ ಅಧ್ಯಾಯದಲ್ಲಿ ಅದೇ ಕಥೆ ಇನ್ನೊಮ್ಮೆ ಬರುತ್ತದೆ, ಅಲ್ಲಿ ಒಂದು ಮಾತು ಹೆಚ್ಚಿದೆ: ಆ ಮನುಷ್ಯ ಆಳವಾಗಿ ಅಗೆದನು. ಬಂಡೆ ಅವನಿಗೆ ಮೇಲೇ ಸಿಕ್ಕಿರಲಿಲ್ಲ. ಬೆವರು ಸುರಿಸಿ ಅಗೆದ ಮೇಲೆ ಸಿಕ್ಕಿತು. ಇನ್ನೂ ಒಂದು ಸಂಗತಿ ಗಮನಿಸಬೇಕು. ಪ್ರವಾಹ ಎರಡೂ ಮನೆಗೆ ಬಂತು. ಯೇಸುವಿನ ಮಾತು ಕೇಳಿದವನ ಮನೆ ಬಿಟ್ಟು ಕೇಳದವನ ಮನೆಗೆ ಮಾತ್ರ ನೀರು ನುಗ್ಗಿತೆಂದು ಕಥೆ ಹೇಳುವುದಿಲ್ಲ. ಅಷ್ಟೇ ಏಕೆ, ಮಾತನ್ನು ಇಬ್ಬರೂ ಕೇಳಿದವರೇ. ಕೇಳಿದಂತೆ ನಡೆದವನ ಮನೆ ಉಳಿಯಿತು, ಕೇಳಿ ಸುಮ್ಮನಿದ್ದವನ ಮನೆ ಬಿತ್ತು.

ಎರಡು ವರ್ಷವೋ, ಎಪ್ಪತ್ತು ವರ್ಷವೋ

ನಮ್ಮ ಯುವಕರ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಅತಿ ಹೆಚ್ಚು ಕಾಣುವ ವಚನ ಬಹುಶಃ ಯೆರೆಮೀಯ 29:11. ದೇವರಿಗೆ ನಮ್ಮ ಬಗ್ಗೆ ಕೇಡಿನದಲ್ಲದ, ಒಳ್ಳೆಯ ಆಲೋಚನೆಗಳಿವೆ ಎಂಬ ಭರವಸೆ ಅದರಲ್ಲಿದೆ. ಸೆಮಿಸ್ಟರ್ ಫಲಿತಾಂಶದ ಹಿಂದಿನ ರಾತ್ರಿ ಎಲ್ಲರೂ ಅದನ್ನೇ ಹಾಕುತ್ತಾರೆ. ಅದು ಸುಂದರವಾದ ಮಾತು, ನಿಜವಾದ ಮಾತು ಎಂದೂ ನಾನು ನಂಬುತ್ತೇನೆ. ಆದರೆ ಅದರ ಹಿಂದಿನ ವಚನವನ್ನು, ಅದರ ಹಿಂದಿನ ಅಧ್ಯಾಯವನ್ನು ಯಾರೂ ಸ್ಟೇಟಸ್‌ಗೆ ಹಾಕುವುದಿಲ್ಲ.

ಅದು ಒಂದು ಪತ್ರ. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಸೆರೆಹಿಡಿದು ಬಾಬೆಲಿಗೆ ಒಯ್ದ ಜನರಿಗೆ ಪ್ರವಾದಿ ಯೆರೆಮೀಯ ಬರೆದದ್ದು. ಆ ಜನರ ಮನಸ್ಸಿನಲ್ಲಿದ್ದ ಪ್ರಶ್ನೆ ನಮ್ಮದೇ: ಇದು ಯಾವಾಗ ಮುಗಿಯುತ್ತದೆ? 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಎಂದು ಸಾರಿದ. ಯೆರೆಮೀಯನೂ ಆಮೆನ್ ಎಂದ. ಹಾಗೆಯೇ ಆಗಲಿ ಎಂಬ ಆಸೆ ಅವನಿಗೂ ಇತ್ತು. ಆದರೆ ಅದು ನಿಜವಲ್ಲ ಎಂದು ತಿಳಿದ ಮೇಲೆ ನಿಜವನ್ನೇ ಬರೆದ. ಎರಡು ವರ್ಷವಲ್ಲ, ಎಪ್ಪತ್ತು ವರ್ಷ. ಈ ಎಪ್ಪತ್ತರ ಲೆಕ್ಕ 10ನೇ ವಚನದಲ್ಲಿದೆ, ಅದರ ಮರು ವಚನದಲ್ಲಿ ಒಳ್ಳೆಯ ಆಲೋಚನೆಗಳ ಮಾತಿದೆ. ಅಂದರೆ, ಆ ಭರವಸೆಯನ್ನು ಮೊದಲು ಓದಿದವರಲ್ಲಿ ಹೆಚ್ಚಿನವರು ಅದು ನೆರವೇರುವುದನ್ನು ನೋಡಲು ಬದುಕಿರಲು ಸಾಧ್ಯವಿರಲಿಲ್ಲ.

ಹಾಗಾದರೆ ಅವರು ಆ ಎಪ್ಪತ್ತು ವರ್ಷ ಏನು ಮಾಡಬೇಕಿತ್ತು? ಪತ್ರ ಅದನ್ನೂ ಹೇಳುತ್ತದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ. ಸೆರೆ ಒಯ್ದವರ ಪಟ್ಟಣಕ್ಕಾಗಿ ಪ್ರಾರ್ಥಿಸಬೇಕಂತೆ! ಅನಿಶ್ಚಿತ ಕಾಲದಲ್ಲಿ ನಂಬಿಕೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಪತ್ರ ತೋರಿಸುತ್ತೇನೆ. ಇದರಲ್ಲಿ ಇರುವುದೆಲ್ಲ ದಿನನಿತ್ಯದ ಕೆಲಸಗಳು.

ನಮ್ಮ ಕಡೆಯ ಜನಕ್ಕೆ ಈ ಪತ್ರ ಪರಕೀಯವೇನಲ್ಲ. ಹಂಗಾಮು ಮುಗಿಯುತ್ತಲೇ ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಅಲ್ಲಿ ಕಟ್ಟಡದ ಕೆಲಸ ಮಾಡುತ್ತಾ, ತಾಡಪತ್ರಿ ಕಟ್ಟಿದ ಶೆಡ್‌ನಲ್ಲಿ ಭಾನುವಾರ ಹತ್ತು ಜನ ಸೇರಿ ಹಾಡಿ ಪ್ರಾರ್ಥನೆ ಮಾಡುವವರನ್ನು ನಾನು ಬಲ್ಲೆ. ಊರಿಗೆ ಯಾವಾಗ ಪೂರ್ತಿ ಮರಳುತ್ತೇವೆಂದು ಅವರಿಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ಬದುಕನ್ನು ನಿಲ್ಲಿಸಿಯೂ ಇಲ್ಲ.

ಅಳುವುದಕ್ಕೂ ಜಾಗವಿದೆ

ಖಾತ್ರಿ ಬೇಡ ಎಂದರೆ ನೋವನ್ನು ನುಂಗಿಕೊಂಡು ನಗುತ್ತಿರಬೇಕು ಎಂದು ನಾನು ಹೇಳುತ್ತಿಲ್ಲ. ‘ದುಃಖಪಡಬೇಡ, ಸ್ತೋತ್ರ ಹೇಳು’ ಎಂದು ಬಾಯಿ ಮುಚ್ಚಿಸುವವರು ಸತ್ಯವೇದವನ್ನು ಪೂರ್ತಿ ಓದಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ದೂರು ಮತ್ತು ಅಳುವಿನವು. ಎಷ್ಟು ಕಾಲ, ಯಾಕೆ, ಎಲ್ಲಿದ್ದೀಯಾ ಎಂದು ದೇವರನ್ನೇ ಕೇಳುವಂಥವು. ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಬರುವಷ್ಟರಲ್ಲಿ 1831 ಆಗಿತ್ತು. ಆ ಇಪ್ಪತ್ತು ವರ್ಷಗಳ ದುಡಿಮೆಯಿಂದ ನಮ್ಮ ಭಾಷೆಗೆ ಭರವಸೆಯ ಮಾತುಗಳ ಜೊತೆ ಆ ಅಳುವೂ ಬಂತು. ಅದನ್ನು ಬಿಟ್ಟು ಓದಲು ನಮಗೆ ಹಕ್ಕಿಲ್ಲ.

ಯೇಸುವೇ ಗೆತ್ಸೆಮನೆ ತೋಟದಲ್ಲಿ, ಆಗುವುದಾದರೆ ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಎಂಬ ಅರ್ಥದಲ್ಲಿ ಪ್ರಾರ್ಥಿಸಿದ್ದು ನೆನಪಿರಲಿ. ಆ ಪಾತ್ರೆ ಹೋಗಲಿಲ್ಲ. ಪ್ರಾರ್ಥನೆ ಕೈಗೂಡದಿದ್ದರೆ ವಿಶ್ವಾಸ ಕಡಿಮೆ ಎಂದು ಹೇಳುವವರು ಈ ರಾತ್ರಿಯ ಬಗ್ಗೆ ಏನು ಹೇಳುತ್ತಾರೆ?

ಸೆಪ್ಟೆಂಬರ್‌ನ ಮಳೆಗೆ ತೊಗರಿ ಹಳದಿಯಾಗಿ ನಿಂತಾಗ ನಮ್ಮ ಮನೆಯಲ್ಲೂ ಪ್ರಾರ್ಥನೆ ನಡೆದಿತ್ತು. ಮಳೆ ನಿಲ್ಲಲಿಲ್ಲ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ನಮ್ಮ ಮುತ್ಯಾ ಬುದ್ಧಿವಾದ ಹೇಳಲಿಲ್ಲ. ಎಪ್ಪತ್ತೆರಡರ ಬರದ ಮಾತು ತೆಗೆದ. 1972ರಲ್ಲಿ ಜೋಳ ಬೆಳೆಯದೆ, ಹೊರದೇಶದಿಂದ ಬಂದ ಕೆಂಪು ಜೋಳದ ರೊಟ್ಟಿ ತಿಂದು, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದ ಪೀಳಿಗೆ ಅವನದು. ‘ದೇವ್ರು ಹೆಂಗ ನಡೆಸಿದಾ ಮುತ್ಯಾ?’ ಎಂದು ನಾನು ಕೇಳಿದೆ. ಅವನು ಹೇಳಿದ್ದು ಇಷ್ಟು: ‘ಸಂಜಿಗಿ ಎಲ್ಲರೂ ಒಂದ್ ಕಡಿ ಕೂಡ್ತಿದ್ದಿವಿ. ಹಾಡ್ತಿದ್ದಿವಿ. ಯಾರ ಮನ್ಯಾಗ ಒಲಿ ಹತ್ತಿಲ್ಲ ಅಂತ ಅಲ್ಲೇ ಗೊತ್ತಾಗ್ತಿತ್ತು. ಅವ್ರಿಗಿ ಅರ್ಧ ರೊಟ್ಟಿ ಹೋಗ್ತಿತ್ತು.’ ಆಕಾಶದಿಂದ ಮನ್ನಾ ಬಿತ್ತೆಂದು ಅವನು ಹೇಳಲಿಲ್ಲ. ಅರ್ಧ ರೊಟ್ಟಿಯ ಲೆಕ್ಕ ಹೇಳಿದ.

ಹಬಕ್ಕೂಕ ಪ್ರವಾದಿಯ ಪುಸ್ತಕದ ಕೊನೆಯಲ್ಲಿ ಒಂದು ಪ್ರಾರ್ಥನೆ ಬರುತ್ತದೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ ದೇವರಲ್ಲಿ ಸಂತೋಷಿಸುವೆ ಎಂಬುದು ಅದರ ಸಾರ. ಚಿಕ್ಕವನಿದ್ದಾಗ ಇದನ್ನು ಬಾಯಿಪಾಠ ಮಾಡಿ ಬಹುಮಾನ ತೆಗೆದುಕೊಂಡಿದ್ದೆ. ಮುತ್ಯಾನ ಮಾತು ಕೇಳಿದ ಮೇಲೆ ಅದು ರೈತನ ಬಾಯಿಂದ ಬಂದ ಮಾತಿನಂತೆ ಕೇಳಿಸುತ್ತದೆ. ನಷ್ಟದ ಪಟ್ಟಿಯನ್ನು ಒಂದೂ ಬಿಡದೆ ಓದಿದ ಮೇಲೆ ಬರುವ ಸಂತೋಷ ಅದು.

ಕಾಗದದ ಮೇಲೆ ನಾವು ಯಾರು?

ನಮ್ಮ ಕಡೆಯ ಕ್ರೈಸ್ತ ಯುವಕರ ಅನಿಶ್ಚಿತತೆಯಲ್ಲಿ ಇನ್ನೊಂದು ಪದರವಿದೆ. ಅದರ ಬಗ್ಗೆ ಸಭೆಯಲ್ಲೂ ಕಾಲೇಜಿನಲ್ಲೂ ಯಾರೂ ಬಾಯಿ ಬಿಡುವುದಿಲ್ಲ. ನಮ್ಮಲ್ಲಿ ಬಹಳ ಕುಟುಂಬಗಳು ದಲಿತ ಮೂಲದವು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಸಿಗುವುದಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೆಯಿತು, ನಮಗೆ ತೆರೆಯಲಿಲ್ಲ. ಕರ್ನಾಟಕದಲ್ಲಿ ನಾವು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಬರುತ್ತೇವೆ. ಈ ಬೇಡಿಕೆ ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬೇರೆ ಧರ್ಮವನ್ನು ನಂಬಿ ನಡೆಯುತ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ, ಜಾತಿಯ ಹೆಸರಿನ ಜೊತೆ ‘ಕ್ರಿಶ್ಚಿಯನ್’ ಎಂದು ಬರೆದ ಪಟ್ಟಿಯ ಬಗ್ಗೆ ದೊಡ್ಡ ವಿವಾದವೇ ಆಯಿತು.

ಹಾಗಾಗಿ ಕಾಗದದ ಮೇಲೊಂದು, ಭಾನುವಾರಕ್ಕೊಂದು ಎಂದು ಬದುಕುವ ಮನೆಗಳಿವೆ. ಹೊಟ್ಟೆಗೂ ಫೀಸಿಗೂ ಮಾಡಿದ ಹೊಂದಾಣಿಕೆ ಅದು. ಹಾಗೆ ಮಾಡಿದವರನ್ನು ದೂರಲು ನನಗೆ ಬಾಯಿಲ್ಲ. ಮತ ಬದಲಿಸಿದರೂ ಊರು ನಮ್ಮನ್ನು ನೋಡುವ ಕಣ್ಣು ಬದಲಾಗಿಲ್ಲ. ಆದೇಶ ಮಾತ್ರ ಬದಲಾಯಿತು ಎಂದು ನಂಬುತ್ತದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ, ಅದನ್ನು ಸರಿಪಡಿಸಲು ಕಾನೂನಿನ ದಾರಿಯಲ್ಲಿ ಕೇಳುತ್ತಲೇ ಇರಬೇಕು.

ಆದರೆ ನಮ್ಮ ಮನೆಯಲ್ಲಿ ಅಪ್ಪ–ಅವ್ವ ಬೇರೆ ನಿರ್ಧಾರ ಮಾಡಿದರು. ನಾನು ಕಾಲೇಜು ಸೇರುವಾಗ ಪ್ರವರ್ಗ-1ರ ಪ್ರಮಾಣಪತ್ರವನ್ನೇ ಕೊಟ್ಟೆವು. ಅದರಿಂದ ನಮಗೆ ಕಷ್ಟವೇ ಆಯಿತು, ಸೀಟಿನ ಆಯ್ಕೆಯಲ್ಲೂ ಫೀಸಿನಲ್ಲೂ. ಅವ್ವ ಹೇಳಿದ್ದು, ‘ದೇವ್ರ ಮುಂದ ಒಂದು ಹೆಸ್ರು, ತಹಸೀಲ್ದಾರ್ ಮುಂದ ಒಂದು ಹೆಸ್ರು ಬ್ಯಾಡ’ ಎಂದು. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ನಾಳೆ ಏನಾಗುತ್ತದೋ ತಿಳಿಯದಿರುವಾಗ ಇಂದು ನಾನು ಯಾರು ಎಂಬುದಾದರೂ ಸ್ಪಷ್ಟವಿರುವುದು ಎಷ್ಟು ದೊಡ್ಡ ಆಸರೆ ಎಂದು ನನಗೆ ಈಗ ಗೊತ್ತಾಗುತ್ತಿದೆ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಬರಲಿ, ಬರದಿರಲಿ, ಆ ಹೆಸರು ಒಂದೇ.

ಪ್ರತಿದಿನ ಅಗೆಯುವುದು

ಆಳಕ್ಕೆ ಇಳಿಯುವುದು ಎಂದರೆ ನಿತ್ಯ ಏನು ಮಾಡುವುದು? ನಾನು ಮಾಡಲು ಪ್ರಯತ್ನಿಸುವ ಕೆಲವನ್ನು ಹೇಳುತ್ತೇನೆ. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಒಂದು ಕೀರ್ತನೆ. ಆರಿಸಿಕೊಂಡು ಓದುವುದಿಲ್ಲ, ಸರದಿಯಲ್ಲಿ ಬಂದದ್ದನ್ನು ಓದುತ್ತೇನೆ. ಅಳುವಿನದು ಬಂದ ದಿನ ನಾನು ಖುಷಿಯಲ್ಲಿದ್ದರೆ, ಆ ದಿನ ಅಳುತ್ತಿರುವ ಯಾರೋ ನೆನಪಾಗುತ್ತಾರೆ. ಭಾನುವಾರ ಆರಾಧನೆಗೆ ಹೋಗುವುದು. ಆನ್‌ಲೈನ್ ಪ್ರಸಂಗ ಎಷ್ಟು ಚೆನ್ನಾಗಿದ್ದರೂ ಯಾರ ಮನೆಯ ಒಲೆ ಹತ್ತಿಲ್ಲ ಎಂದು ಅದು ಹೇಳುವುದಿಲ್ಲ. ಊರಿಗೆ ಬಂದಾಗ ಓಣಿಯ ಹುಡುಗರಿಗೆ ಗಣಿತ ಹೇಳಿಕೊಡುವುದು. ಅವರಲ್ಲಿ ಕ್ರೈಸ್ತರು ಇಬ್ಬರೇ.

ಓದನ್ನೂ ನಾನು ಇದರೊಳಗೇ ಸೇರಿಸುತ್ತೇನೆ. ಪ್ರಾರ್ಥನೆ ಮಾಡಿ ಓದದಿರುವುದು ಭಕ್ತಿಯಲ್ಲ. ಕಾಗಿಣಾ ನದಿಗೆ ಪ್ರವಾಹ ಬಂದಾಗ ಸೇತುವೆ ನಿಲ್ಲಬೇಕಾದರೆ ಅದನ್ನು ಕಟ್ಟಿದವನು ಲೆಕ್ಕ ಸರಿ ಮಾಡಿರಬೇಕು. ಅವನು ಯಾವ ದೇವರನ್ನು ನಂಬುತ್ತಾನೆಂದು ನೀರು ಕೇಳುವುದಿಲ್ಲ. ಕಾಯಕದ ಬಗ್ಗೆ ಬಸವಣ್ಣನ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಂಜಾನ್ ತಿಂಗಳಲ್ಲಿ ನೀರೂ ಕುಡಿಯದೆ ಇಂಟರ್ನಲ್ಸ್ ಬರೆಯುವ ನನ್ನ ರೂಮ್‌ಮೇಟ್‌ನಿಂದ ನಾನು ಶಿಸ್ತು ಕಲಿತಿದ್ದೇನೆ. ಇರುವ ಪಟ್ಟಣದ ಕ್ಷೇಮ ಎಂದು ಯೆರೆಮೀಯ ಬರೆದದ್ದು ಇವರೆಲ್ಲರೂ ಸೇರಿದ ಪಟ್ಟಣವೇ.

‘ಇಷ್ಟೆಲ್ಲ ಮಾಡಿಯೂ ಕೆಲಸ ಸಿಗುತ್ತದೆ ಎಂಬ ಖಾತ್ರಿ ಇಲ್ಲವೆಂದರೆ ನಂಬಿಕೆಯಿಂದ ಲಾಭವೇನು?’ ಎಂದು ಒಬ್ಬ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಸಣ್ಣದು. ಕೆಲಸ ಸಿಗದ ದಿನ ನಾನು ನಿಷ್ಪ್ರಯೋಜಕ ಎಂದು ನನಗೆ ಅನ್ನಿಸಬಾರದು; ಸಿಕ್ಕ ದಿನ ಸಿಗದವನಿಗಿಂತ ದೊಡ್ಡವನು ಎಂದೂ ಅನ್ನಿಸಬಾರದು. ಸಂಬಳದ ಚೀಟಿ ನನ್ನ ಬೆಲೆ ಹೇಳುವುದಿಲ್ಲ ಎಂದು ನಂಬಲು ನನಗೆ ಯೇಸು ಬೇಕು. ಈ ನಂಬಿಕೆ ಇಲ್ಲದೆ ಈ ಕಾಲದಲ್ಲಿ ಎಷ್ಟು ಯುವಕರು ಒಳಗೊಳಗೇ ಕುಸಿಯುತ್ತಿದ್ದಾರೆ ಎಂದು ಹಾಸ್ಟೆಲ್‌ನಲ್ಲಿ ಇರುವವರಿಗೆ ಗೊತ್ತು. ಹಾಗೆ ಕುಸಿಯುತ್ತಿರುವವರಿಗೆ ಪ್ರಾರ್ಥನೆಯ ಜೊತೆ ವೈದ್ಯರ ನೆರವೂ ಬೇಕಾಗಬಹುದು. ಕರೆದುಕೊಂಡು ಹೋಗುವುದೂ ವಿಶ್ವಾಸದ ಕೆಲಸವೇ.

ಕೊನೆಗೆ ನಮ್ಮ ಸಭೆಗಳ ಹಿರಿಯರಿಗೂ ಪಾಸ್ಟರ್‌ಗಳಿಗೂ ಒಂದು ವಿನಂತಿ. ಭಾನುವಾರ ಸಾಕ್ಷಿ ಹೇಳುವ ಸಮಯದಲ್ಲಿ ಎದ್ದು ನಿಲ್ಲುವವರು ಯಾವಾಗಲೂ ಗೆದ್ದವರೇ. ಕೆಲಸ ಸಿಕ್ಕಿತು, ವೀಸಾ ಬಂತು, ರೋಗ ವಾಸಿಯಾಯಿತು. ಅವರ ಸಂತೋಷ ನಮ್ಮದೂ ಹೌದು, ನಾವೂ ಚಪ್ಪಾಳೆ ತಟ್ಟುತ್ತೇವೆ. ಆದರೆ ಹಿಂದಿನ ಸಾಲಿನಲ್ಲಿ ಮೂರು ವರ್ಷದಿಂದ ಪರೀಕ್ಷೆ ಬರೆಯುತ್ತಿರುವ ಅಣ್ಣ ಕೂತಿರುತ್ತಾನೆ. ಬೆಳೆ ಕಳೆದುಕೊಂಡ ರೈತ ಕೂತಿರುತ್ತಾನೆ. ಅವರೂ ಪ್ರತಿ ವಾರ ಬರುತ್ತಾರೆ, ಹಾಡುತ್ತಾರೆ, ಇದ್ದುದರಲ್ಲಿ ಕಾಣಿಕೆ ಹಾಕುತ್ತಾರೆ. ತಿಂಗಳಿಗೆ ಒಂದು ಭಾನುವಾರವಾದರೂ ಅವರನ್ನು ಮುಂದೆ ಕರೆಯಿರಿ. ಇನ್ನೂ ಉತ್ತರ ಸಿಗದವರು ಯಾಕೆ ಇನ್ನೂ ಬರುತ್ತಿದ್ದಾರೆ ಎಂಬುದನ್ನು ನಮ್ಮ ವಯಸ್ಸಿನವರು ಅವರ ಬಾಯಿಂದಲೇ ಕೇಳಬೇಕಾಗಿದೆ.